ಕೂಗಿಸ್ತಾ ಇರೋರು

ಕಿಕ್ಕೇರಿಯಲ್ಲಿ ಮೈಕ್ ಕಟ್ಟಿದ ಆಟೋದಲ್ಲಿ ಸುದ್ದಿ ಕೂಗುವವನೊಬ್ಬನಿದ್ದ. ಸಾವಿರಲಿ, ಡೇರಿಯ ಸಭೆಯಿರಲಿ, ಮೊದಲು ಮೈಕಿನಲ್ಲೇ ಕೆಮ್ಮಿ, "ಇದ್ನ ಕೂಗಿಸ್ತಾ ಇರೋರು" ಎಂದು ಕೂಗಿಸುವವರ ಹೆಸರು ಹೇಳುತ್ತಿದ್ದ. ಆಮೇಲೇ ವಿಷಯ. ಆ ಕೆಮ್ಮು ಕೇಳಿದರೆ ಹೆಂಗಸರು ಒಲೆ ಸಣ್ಣ ಮಾಡಿ ಬಾಗಿಲಿಗೆ ಬರುತ್ತಿದ್ದರು.

ಬೋರ್‌ವೆಲ್ ನೀರನ್ನು ಬಾಟಲಿಗೆ ತುಂಬಿ ಮಾರುವ ಕಂಪನಿಗಳಿಗೆ ರಾಜ್ಯ ಸರ್ಕಾರ ತೆರಿಗೆ ಹಾಕುತ್ತದಂತೆ ಎಂಬ ಮಾತು ಹಬ್ಬಿತ್ತು. ಅಂಥದೊಂದು ಕಂಪನಿಯವನು ಟೀ ಅಂಗಡಿಯ ಹತ್ತಿರ ಇವನನ್ನು ಹಿಡಿದ. ನಾನೂ ಅಲ್ಲೇ ಟೀ ಕುಡಿಯುತ್ತಿದ್ದೆ.

"ನೀರಿನ ತೆರಿಗೆ ಬೇಡ ಅಂತ ಊರೂರಲ್ಲಿ ಕೂಗಬೇಕು. ಕಂಪನಿ ಹೆಸರು ಬೇಡ. ರೈತರು ಕೂಗಿಸ್ತಿದ್ದಾರೆ ಅಂತ ಹೇಳಪ್ಪ."

"ಯಾವ್ ರೈತ್ರು ಸಾ?"

"ಯಾರೋ ಒಬ್ಬರು. ಬಾಡಿಗೆ ಡಬಲ್ ಕೊಡ್ತೀವಿ."

ಅವನು ಹೆಗಲ ಟವೆಲಿನಿಂದ ಮೈಕ್ ಒರೆಸಿ, ಅದರಲ್ಲೇ ಸುತ್ತಿ ಸೀಟಿನ ಮೇಲಿಟ್ಟ.

"ನಿಮ್ಮೆಸ್ರಲ್ಲಾದ್ರೆ ಈಗ್ಲೇ ಕೂಗ್ತೀನಿ, ಮಾಮೂಲಿ ಬಾಡ್ಗೆ ಸಾಕು. ಇಲ್ದಿರೋರ ಎಸ್ರಲ್ಲಿ ಕೂಗ್ಬುಟ್ರೆ, ನಾಳೆ ನಾನು ಸಾವು ಕೂಗುದ್ರೂ ಮಣ್ಣಿಗೆ ಯಾರೂ ಬರಾಕಿಲ್ಲ ಸಾ."