ಬೆಳಗಿನ ತುಂಬಿದ ಕೊರಳು

ಎಡವಟ್ಟು ಶುರುವಾದದ್ದು ಮಂಗಳವಾರ ಬೆಳಿಗ್ಗೆ ಆರೂ ಕಾಲಿಗೆ. ಆ ಹೊತ್ತಿಗೆ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ ಎಂಬುದೇ ತಮಾಷೆ. ಅದಾಗಿ ದಿನಗಳೇ ಕಳೆದರೂ, ಇವತ್ತು ದೋಸೆ ಹಿಟ್ಟಿನ ಡಬ್ಬಿ ತೆರೆದು ಹುಳಿ ವಾಸನೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಹಿತ್ತಲ ಚಿಲಕಕ್ಕೆ ಹೋಯಿತು. ಹಿಟ್ಟು ಹುಳಿಯಾದರೆ ಕೋಳಿಯ ಕಡೆಗೆ ಓಡುವವನು ಇಡೀ ಜೇವರ್ಗಿ ಕಾಲೋನಿಯಲ್ಲಿ ನಾನೊಬ್ಬನೇ ಇರಬೇಕು. ನಗಬೇಡಿ, ಕಾರಣ ಕೇಳಿ.

ಕೆಂಪಿ ಕಮಲಾಪುರದ ಕೋಳಿ. ನನ್ನ ಹೆಂಡತಿ ಸವಿತಾ ಕಾಲು ಮುರಿದುಕೊಂಡು ಅಲ್ಲಿಯ ತವರಿನಲ್ಲಿ ಮಲಗಿದ್ದಾಗ ಅವಳ ಮಂಚದ ಕೆಳಗೇ ಮರಿಯಿಂದ ಬೆಳೆದದ್ದು. ಅವಳು ನಡೆಯಲು ಕಲಿತು ಮನೆಗೆ ಮರಳಿದ ಮೇಲೆ ನಮ್ಮ ಅತ್ತೆ ಅದನ್ನು ಬುಟ್ಟಿಯಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದರು.

"ಪ್ಯಾಟಿ ಮಂದಿ ನೀವು, ಚಹಾ ಕುಡದೇ ಹೊಟ್ಟಿ ತುಂಬಸ್ಕೋತೀರಿ. ಇದರ ಉಪಾಸ ಕೆಡವಬ್ಯಾಡ್ರಿ, ಅಳಿಯಾ. ಕೊರಳ ಬುಡಕ್ಕ ಕಾಳಿನ ಚೀಲ ಇರತದ. ಗುಂಡಗ ತುಂಬಿತ್ತಂದ್ರ ಉಂಡದ ಅಂತ ತಿಳ್ಕೋರಿ" ಎಂದು ಹೇಳಿ ಹೋದರು.

ಅತ್ತೆಯದು ಸಂಜೆಯ ಮಾತು. ಅವರು ಮುಟ್ಟಿ ನೋಡುವುದು ಕೋಳಿ ಗೂಡು ಸೇರುವಾಗ. ನಾನು ಕಾಲೇಜು ಮುಗಿಸಿ ಬರುವಷ್ಟರಲ್ಲಿ ಕತ್ತಲಾಗುತ್ತಿದ್ದರಿಂದ ಆ ಕೆಲಸವನ್ನು ಬೆಳಿಗ್ಗೆಗೆ ಇಟ್ಟುಕೊಂಡೆ. ಮೊದಮೊದಲು ಚೀಲ ಖಾಲಿ. ಅಳಿಯನ ಮರ್ಯಾದೆಯ ಪ್ರಶ್ನೆ ನೋಡಿ, ಕಾಳಿನ ಜೊತೆ ಕಡಕ್ ರೊಟ್ಟಿಯ ಚೂರುಗಳನ್ನೂ ಸುರಿಯುತ್ತ ಹೋದೆ. ಕೊನೆಗೆ ಆ ಮಂಗಳವಾರ ಚೀಲ ನಿಂಬೆಹಣ್ಣಿನಂತೆ ಗುಂಡಗೆ, ಗಟ್ಟಿಯಾಗಿ ಕೈಗೆ ಸಿಕ್ಕಿತು.

"ನಿಮ್ಮವ್ವಗ ಹೇಳು, ಫುಲ್ ಅದ!" ಎಂದು ಅಂಗಳದಿಂದಲೇ ಕೂಗಿದೆ.

ಕೆಂಪಿ ಮಾತ್ರ ಕಾಳು ಮುಟ್ಟಲಿಲ್ಲ. ಕೊರಳು ಹೊರಳಿಸುತ್ತ, ಅರೆಗಣ್ಣು ಮುಚ್ಚಿ ಮೂಲೆಯಲ್ಲಿ ನಿಂತಿತು. ಸವಿತಾ ಎತ್ತಿಕೊಂಡು ಕೊಕ್ಕು ಮೂಸಿದಳು.

"ರೀ, ಬಾಯಿ ಹುಳಿ ನಾರಲಕತ್ತದ."

ಎಲ್ಲೋ ವಿಡಿಯೋದಲ್ಲಿ ನೋಡಿದ್ದೆನಲ್ಲ! ತುಂಬಿದ್ದನ್ನು ಕಕ್ಕಿಸಲು ಕಾಲು ಹಿಡಿದು ತಲೆಕೆಳಗು ಮಾಡಿದೆ. ಕೊಕ್ಕಿನಿಂದ ನೀರು ಸುರಿಯಿತು, ಕಣ್ಣು ಮೇಲಾಯಿತು, ರೆಕ್ಕೆ ಸೋತು ಜೋತುಬಿತ್ತು. ಸವಿತಾ ಕಿತ್ತುಕೊಂಡು ಎದೆಗೆ ನೆಟ್ಟಗೆ ಅವಚಿಕೊಂಡಳು. ಮತ್ತೆ ಉಸಿರು ಬಂತು. ಈಗಲೂ ಪಾಠದ ನಡುವೆ ಬೋರ್ಡಿನ ಕಡೆ ತಿರುಗಿದರೆ ಆ ಜೋತ ರೆಕ್ಕೆ ಕಂಡು ಸೀಮೆಸುಣ್ಣ ನಿಂತುಬಿಡುತ್ತದೆ.

ಪಶು ಆಸ್ಪತ್ರೆಯ ಡಾಕ್ಟರಮ್ಮ ಎಲ್ಲ ಕೇಳಿ ಹಣೆ ಒತ್ತಿಕೊಂಡರು. "ಮುಂಜಾನಿ ತುಂಬಿತ್ತು ಅಂದಮ್ಯಾಲೆ ಆವಾಗ್ಲೇ ಬರಬೇಕಿತ್ರೀ ಸರ್. ಸಂಜಿಕ ತುಂಬಿರಬೇಕು, ಬೆಳಗಾಗೂದ್ರಾಗ ಖಾಲಿ ಆಗಬೇಕು, ಇಲ್ಲಂದ್ರ ಒಳಗೇ ಹುಳೀತದ. ಇನ್ನ ತಲಿಕೆಳಗ ಹಿಡೀಬ್ಯಾಡ್ರಿ, ನೀರು ಉಸಿರಿನ ದಾರಿಗೆ ಹೋಗತದ. ಏನ್ ಕಲಸ್ತೀರಿ ಕಾಲೇಜಿನ್ಯಾಗ?"

ನಾನು ಗೋಡೆ ನೋಡಿದೆ. "ಪ್ರಾಣಿಶಾಸ್ತ್ರ ರೀ" ಎಂದಳು ಸವಿತಾ.

ಔಷಧ ಶುರುವಾಯಿತು, ಕಾಳು ಬಂದ್ ಆಯಿತು. ಡಾಕ್ಟರಮ್ಮ ತೋರಿಸಿದಂತೆ ಸವಿತಾ ಚೀಲವನ್ನು ಬೆರಳಿನಿಂದ ಮೆಲ್ಲಗೆ ನೀವುತ್ತಿದ್ದಳು. ಬುಟ್ಟಿಯನ್ನು ನಮ್ಮ ಮಂಚದ ಪಕ್ಕಕ್ಕೇ ತಂದೆವು. ಅದು ಕದಲಿದರೂ ಎಚ್ಚರ, ಕದಲದಿದ್ದರೂ ಎಚ್ಚರ.

"ಕೋಳಿಗೂ ಬಾಣಂತನ ಮಾಡಲಕತ್ತೀರೇನು?" ಎಂದು ಅತ್ತೆ ಫೋನಿನಲ್ಲಿ ನಕ್ಕರು. ಆಮೇಲೆ ದನಿ ಇಳಿಸಿ, "ಉಳೀತದಲ್ಲ ಅಳಿಯಾ?" ಎಂದರು.

ಈಗ ಸಂಜೆ ಸವಿತಾ ಮುಟ್ಟುತ್ತಾಳೆ, ಬೆಳಿಗ್ಗೆ ನಾನು. ಸಂಜೆ ತುಂಬಿದ್ದರೆ ಸುದ್ದಿ ಕಮಲಾಪುರಕ್ಕೆ ಹೋಗುತ್ತದೆ. ಬೆಳಿಗ್ಗೆ ಖಾಲಿಯಿದ್ದರೆ ನನ್ನ ಚಹಾ ಗಂಟಲಲ್ಲಿ ಇಳಿಯುತ್ತದೆ. ಕಾಯಿಲೆ ಬಿದ್ದ ಮೇಲೆ ಹಾಗೆ ಮೊದಲ ಸಲ ಖಾಲಿ ಸಿಕ್ಕಿದ್ದು ಆ ವಾರದ ಶುಕ್ರವಾರ. ಬೆರಳಿಗೆ ಬರೀ ಮೆತ್ತಗಿನ ತೊಗಲು! ಅವತ್ತು ರಾತ್ರಿ ನಾವಿಬ್ಬರೂ ಎಂಥ ನಿದ್ದೆ ಮಾಡಿದೆವೆಂದರೆ, ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದು ಸಾಕಾಗಿ, ನಾವು ಊರಲ್ಲಿಲ್ಲವೆಂದು ಪಕ್ಕದವರಿಗೆ ಹೇಳಿ ಹೋಗಿದ್ದ.