ನಾಯಂಡಹಳ್ಳಿಯಲ್ಲಿ ನಿಂತ ಬಸ್ಸು

ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಬಸ್ಸು ನಿಂತುಬಿಟ್ಟರೆ ನನಗೆ ಹಿತವಾದ ಜೋಂಪು ಹತ್ತುತ್ತದೆ. ಉಳಿದವರು ಗೊಣಗುವಾಗ ನಾನು ಕಿಟಕಿಗೆ ತಲೆ ಆನಿಸಿ, ಈ ಹೊಗೆಯೆಲ್ಲ ನಮ್ಮೂರ ಆಲೆಮನೆಯದೇ ಎಂದುಕೊಂಡು ಕಣ್ಣು ಮುಚ್ಚುತ್ತೇನೆ. ರಸ್ತೆಯ ಹೆಸರಿನ ಬಗ್ಗೆ ಮಾತ್ರ ಸಣ್ಣ ತಕರಾರಿದೆ. ಬೆಂಗಳೂರಿನವರಿಗೆ ಇದು ಮೈಸೂರು ರಸ್ತೆ, ಮೈಸೂರಿನವರಿಗೆ ಬೆಂಗಳೂರು ರಸ್ತೆ. ನಡುವೆ ಕೂತು ಎರಡೂ ಊರಿಗೆ ಬೆಲ್ಲ ಕಳಿಸುವ ಮಂಡ್ಯದ ಹೆಸರು ಯಾರ ಬಾಯಲ್ಲೂ ಇಲ್ಲ.

ಕಳೆದ ಶ್ರಾವಣದಲ್ಲಿ ಮದ್ದೂರಿನ ಹತ್ತಿರದ ಕೊಪ್ಪದ ನಮ್ಮ ದೊಡ್ಡವ್ವನನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಇದೇ ದಾರಿಯಲ್ಲಿ ಕರೆತಂದೆ. ಅವಳ ತಂಗಿ, ನನ್ನ ಚಿಕ್ಕವ್ವ ಜಯಮ್ಮ, ಈ ರಸ್ತೆಯ ಪಕ್ಕದ ಬ್ಯಾಟರಾಯನಪುರದಲ್ಲಿದ್ದಾಳೆ. ಅಜ್ಜಿ ತೀರಿಕೊಂಡಾಗ ಚಿಕ್ಕವ್ವ ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. "ಜಾಮಲ್ಲಿ ಸಿಕ್ಕಾಕ್ಕಂಡೆ ಕಣಕ್ಕ" ಎಂದು ಅತ್ತವಳಿಗೆ ದೊಡ್ಡವ್ವ, "ಎತ್ತವ್ವನ ಮಖಕ್ಕಿಂತ ಎಚ್ಚಾ ನಿನ್ ಜಾಮು? ನೆಪ ಏಳ್ಬ್ಯಾಡ ಬುಡು" ಎಂದಿದ್ದಳು. ಅಲ್ಲಿಂದ ಇಬ್ಬರಿಗೂ ಮಾತಿಲ್ಲ.

ಮದ್ದೂರಿನಿಂದ ಕೆಂಗೇರಿವರೆಗೆ ಹಾರಿಬಂದ ನಮ್ಮ ಬಸ್ಸು ಆಮೇಲೆ ತೆವಳಿತು. ನಾಯಂಡಹಳ್ಳಿ ಹತ್ತಿರ ಪೂರ್ತಿ ನಿಂತಿತು. ಸೋನೆ ಮಳೆ. ಮುಂದಿನ ವಾಹನಗಳ ಕೆಂಪು ದೀಪಗಳೆಲ್ಲ ಒದ್ದೆ ಗಾಜಿನಲ್ಲಿ ಕರಗಿ, ರಸ್ತೆ ಕನಸಿನಲ್ಲಿ ಕಂಡ ಹೊಳೆಯಂತಿತ್ತು. ಹಿಂದೆಲ್ಲೋ ಆಂಬುಲೆನ್ಸ್ ಕೂಗುತ್ತಲೇ ಇತ್ತು; ದಾರಿ ಬಿಡೋಣವೆಂದರೆ ಸರಿಯಲು ಯಾರಿಗೂ ಜಾಗವಿರಲಿಲ್ಲ. ದೊಡ್ಡವ್ವ ಸೆರಗು ಹೊದ್ದು ಬಹಳ ಹೊತ್ತು ಹೊರಗೆ ನೋಡಿದಳು.

"ಯಾವಾಗ್ಲೂ ಇಂಗೇಯೇನ್ಲಾ ಮಗ?"

"ದಿನಾ ಇದೇ ಗೋಳು, ದೊಡ್ಡವ್ವ."

"ಇಳ್ದು ನಡೀತೀನಿ ಅಂದ್ರೂ ಕೊಪ್ಪ ಅಷ್ಟು ದೂರ ಅದೆ. ಜಯಿ ಅವತ್ತು ಇಲ್ಲೇ ಕುಂತು ಎಷ್ಟು ಅತ್ತಿದ್ಲೋ."

ನನ್ನ ಜೋಂಪು ಹಾರಿಹೋಯಿತು. ಡಾಕ್ಟರು ಕೊಟ್ಟ ಹೊತ್ತೂ ಮೀರಿತ್ತು. "ಕಣ್ಣು ನಾಳೆ ತೋರುಸ್ದ್ರಾಯ್ತು, ಇಳಿ" ಎಂದು ಅವಳೇ ಮೊದಲು ಎದ್ದಳು.

ಮಳೆಯಲ್ಲೇ ಬ್ಯಾಟರಾಯನಪುರಕ್ಕೆ ನಡೆದೆವು. ಬಾಗಿಲು ತೆರೆದ ಚಿಕ್ಕವ್ವ ಕಂಬದಂತೆ ನಿಂತಳು.

"ನಾ ನಿನ್ ಮಾತ ನಂಬ್ನಿಲ್ಲ. ತಪ್ಪಾಯ್ತು ಕಣಮ್ಮಿ" ಎಂದಳು ದೊಡ್ಡವ್ವ.

ಚಿಕ್ಕವ್ವ ತನ್ನ ಸೆರಗಿನಿಂದ ಅಕ್ಕನ ತಲೆ ಒರೆಸತೊಡಗಿದಳು, ಒಣಗಿದ ಮೇಲೂ ಒರೆಸುತ್ತಲೇ ಇದ್ದಳು.

ಮರುದಿನ ಕಣ್ಣು ತೋರಿಸಿಕೊಂಡು ಊರಿಗೆ ಹೊರಟಾಗ ಚಿಕ್ಕವ್ವನೂ ಬಸ್ಸು ಹತ್ತಿದಳು. ಅಕ್ಕತಂಗಿಯರು ಒಂದೇ ಸೀಟಿನಲ್ಲಿ ಕೂತು ಅಜ್ಜಿಯ ಮಾತು ತೆಗೆದರು. ನಗು, ಅಳು, ಮತ್ತೆ ನಗು. ದುರದೃಷ್ಟಕ್ಕೆ ಅಂದು ರಸ್ತೆ ಪೂರ್ತಿ ಖಾಲಿ. ಅವರ ಮಾತು ಇನ್ನೂ ಅರ್ಧ ದಾರಿಯಲ್ಲಿತ್ತು, ಬಸ್ಸು ಆಗಲೇ ಮದ್ದೂರು ಮುಟ್ಟಿಬಿಟ್ಟಿತು.