ದೊರೆಗಳನ್ನು ತೂಗುವ ಸಂಘದಲ್ಲಿ ಸೊಲಾಂಜ್

ಪ್ಯಾರಿಸಿನ ಉತ್ತರಕ್ಕಿರುವ ವಾಜ್ ನದಿಯ ದಂಡೆಯ ನಮ್ಮ ಪಟ್ಟಣದಲ್ಲಿ, ನಮ್ಮ ದೇಶದ ಮಧ್ಯಯುಗದ ದೊರೆಗಳಲ್ಲಿ ಯಾರು ಹೆಚ್ಚು ಸಮರ್ಥರೆಂದು ಚರ್ಚಿಸುವುದಕ್ಕೆಂದೇ ಒಂದು ಸಂಘವಿದೆ. ಸದಸ್ಯರೆಲ್ಲ ನಿವೃತ್ತರು. ತಮ್ಮ ಮನೆಯಲ್ಲಿ ಯಾರ ಮಾತು ನಡೆಯುತ್ತದೆಂಬುದೊಂದನ್ನು ಬಿಟ್ಟು ಉಳಿದೆಲ್ಲ ಆಳ್ವಿಕೆಗಳ ಬಗೆಗೂ ಅವರಿಗೆ ಖಚಿತ ಅಭಿಪ್ರಾಯವಿದೆ. ಕಾರ್ಯದರ್ಶಿ ಸೊಲಾಂಜ್ ಬ್ರೆಷೊ ಅಂಚೆ ಕಚೇರಿಯಿಂದ ನಿವೃತ್ತರಾದವರು. ಸಭಾಂಗಣದ ಬೀಗ ತೆಗೆಯುವುದು, ಭಾಷಣಕಾರರನ್ನು ಕರೆಸುವುದು, ಜಗಳ ಬಿಡಿಸುವುದು ಎಲ್ಲವೂ ಅವರ ಪಾಲಿಗೇ ಬಂದಿತ್ತು. ಅಧ್ಯಕ್ಷೆಯಾಗಬೇಕೆಂಬ ಆಸೆಯನ್ನು ಅವರು ನನ್ನಿಂದ ಮುಚ್ಚಿಡಲಿಲ್ಲ.

ಅಧ್ಯಕ್ಷರನ್ನು ಗೊತ್ತುಮಾಡುವುದು ಜನವರಿಯ ರಾಜರ ಹಬ್ಬದ ಬಾದಾಮಿ ಕೇಕು. ಯಾರ ತುಂಡಿನಲ್ಲಿ ಪಿಂಗಾಣಿಯ ಪುಟ್ಟ ಬೊಂಬೆ ಸಿಗುವುದೋ ಅವರಿಗೆ ಕಾಗದದ ಕಿರೀಟ, ಒಂದು ವರ್ಷದ ಅಧ್ಯಕ್ಷಗಿರಿ. ಆ ಸಲ ಬೊಂಬೆ ಸೊಲಾಂಜ್ ಅವರ ಹಲ್ಲಿಗೆ ತಾಗಿತು.

"ಹೆಂಗಸರಿಗೆ ಸಿಕ್ರೆ ಅವರು ರಾಜನ್ನ ಆರಿಸ್ಬೇಕು, ಮದಾಮ್. ತಾವೇ ಕೂರೋ ಹಾಗಿಲ್ಲ," ಎಂದರು ಹಾಲಿ ಅಧ್ಯಕ್ಷ, ಮಾಜಿ ನ್ಯಾಯಾಧೀಶ ಅರ್ಮಾಂ ತೆಸಿಯೆ. "ನಮ್ಮ ದೇಶದ ಸಿಂಹಾಸನದ ಪದ್ಧತೀನೂ ಅದೇ ಆಗಿತ್ತು, ಹೆಂಗಸರು ಏರೋ ಹಾಗಿರ್ಲಿಲ್ಲ." ಹೇಳುತ್ತಲೇ ಕಿರೀಟಕ್ಕೆ ಅನುಕೂಲವಾಗುವಂತೆ ತಲೆಯನ್ನು ತುಸು ಬಾಗಿಸಿದರು.

"ನಿಮ್ಮ ಮೆಚ್ಚಿನ ದೊರೆ ಸಂತ ಲೂಯಿ ಧರ್ಮಯುದ್ಧ ಅಂತ ಹೋಗಿ ಸೆರೆ ಸಿಕ್ಕಾಗ ರಾಜ್ಯ ನೋಡ್ಕೊಂಡಿದ್ದು ಯಾರು, ಮಿಸ್ಯೂ?"

"ಅವನ ತಾಯಿ. ಆದ್ರೆ ಅದು ಬರೀ ಆಡಳಿತ, ಆಳ್ವಿಕೆ ಅಲ್ಲ."

"ಕೆಲಸ ಅಮ್ಮಂದು, ಹೆಸರು ಮಗಂದು ಅನ್ನಿ!"

"ನಾರ್ಮಂಡಿ ಗೆದ್ದು ಪ್ಯಾರಿಸಿಗೆ ಕೋಟೆ ಕಟ್ಟಿಸಿದ ದೊರೆ ಫಿಲಿಪ್‌ನಂಥ ಗಟ್ಟಿಗ ಬೇಕು, ಮದಾಮ್."

"ಹೀಟರ್ ಕೆಟ್ಟಾಗ ಗಟ್ಟಿಗರೆಲ್ಲ ಕೋಟು ಹಾಕ್ಕೊಂಡು ಕೂತಿದ್ರಿ. ರಿಪೇರಿ ಮಾಡ್ಸಿದ್ದು ನಾನು."

ಮೂಲೆಯಲ್ಲಿ ಔಷಧಿ ಅಂಗಡಿಯ ಮುದುಕ ಯೂಜೆನ್ ಮರ್ಲಿಯೆ ಎಂದಿನಂತೆ ಗೊರಕೆ ಹೊಡೆಯುತ್ತಿದ್ದರು. ಸೊಲಾಂಜ್ ಹೋಗಿ ಅವರ ಬೋಳು ತಲೆಗೆ ಕಿರೀಟವಿಟ್ಟರು.

"ಇವನಾ?" ತೆಸಿಯೆ ಕಿರುಚಿದರು.

"ಎತ್ತಿನ ಗಾಡೀಲಿ ಮಲಗಿ ಓಡಾಡ್ತಿದ್ದ ಹಳೇ ದೊರೆಗಳ ಮೇಲೆ ನೀವೇ ಭಾಷಣ ಮಾಡಿದ್ರಲ್ಲ. ಆಗ ರಾಜ್ಯ ನಡೆಸ್ತಿದ್ದದ್ದು ಅರಮನೆಯ ಮೇಲ್ವಿಚಾರಕರು, ಅವರಷ್ಟು ಸಮರ್ಥರೇ ಇಲ್ಲ ಅಂದ್ರಿ. ನಾನು ಮುಂದಿನ ಸಾಲಲ್ಲೇ ಕೂತಿದ್ದೆ."

ಯೂಜೆನ್ ಒಂದು ಕಣ್ಣು ತೆರೆದರು. "ಕಾಫಿ ಬಂತಾ?"

"ಬರುತ್ತೆ, ಪ್ರಭು. ಮುಂದಿನ ವರ್ಷದಿಂದ ಬೊಂಬೆ ಸಿಕ್ಕವರೇ ಅಧ್ಯಕ್ಷರು, ಗಂಡಾಗ್ಲಿ ಹೆಣ್ಣಾಗ್ಲಿ. ಒಪ್ಪಿಗೆನಾ?"

"ಆಗ್ಲಿ, ಆಗ್ಲಿ." ಕಣ್ಣು ಮುಚ್ಚಿತು.

ಅಧ್ಯಕ್ಷರ ಮಾತಿಗೆ ಎದುರಾಡುವಂತಿಲ್ಲವೆಂಬ ನಿಯಮವನ್ನು ತಮ್ಮ ಕಾಲದಲ್ಲಿ ತಂದವರು ತೆಸಿಯೆ ಅವರೇ.

"ದೊರೆ ಕಾಫಿ ಕೇಳ್ತಿದ್ದಾರೆ, ಮಿಸ್ಯೂ," ಎಂದರು ಸೊಲಾಂಜ್.

ನ್ಯಾಯಾಧೀಶರು ಅಡುಗೆಕೋಣೆಗೆ ನಡೆದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಸಣ್ಣ ದನಿ ಕೇಳಿಸಿತು: "ಮದಾಮ್, ಈ ಒಲೆ ಹಚ್ಚೋದು ಹೇಗೆ?"